ಮಾಸ್ತರರು ಕಲಿಯುವ ಶಾಲೆ

ಶಿಕ್ಷಕ ತರಬೇತಿಯಲ್ಲಿ ಎರಡು ನೋಟಗಳು ಸೇರಬೇಕೆಂಬ ಮಾತು ಈಚೆಗೆ ಹೆಚ್ಚು ಕೇಳಿಸುತ್ತದೆ: ಹೊರದೇಶಗಳ ಅನುಭವ ಒಂದು, ನೆಲದ ಮೂಲನಿವಾಸಿಗಳ ತಿಳಿವಳಿಕೆ ಇನ್ನೊಂದು. ವಡೋದರಾದಲ್ಲಿ, ಅಂದರೆ ಹಿಂದಿನ ಬರೋಡಾದಲ್ಲಿ, ಇವೆರಡೂ ನೂರಕ್ಕೂ ಹೆಚ್ಚು ವರ್ಷಗಳಿಂದ ನೆರೆಹೊರೆಯಲ್ಲೇ ಇವೆ. ಒಂದರ ಮನೆಗೆ ಇನ್ನೊಂದು ಹೋಗಿ ಬಂದದ್ದು ಮಾತ್ರ ಕಡಿಮೆ. ಕೆಳಗೆ ಮಾತಾಡುವವರು ಇಬ್ಬರು. ಒಬ್ಬರು ಆ ಊರಿನ ಅಲ್ಕಾಪುರಿಯಲ್ಲಿ ನೆಲೆಸಿ, ಶಿಕ್ಷಕರಿಗೇ ಪಾಠ ಹೇಳಿ ನಿವೃತ್ತರಾದ ಕನ್ನಡತಿ. ಇನ್ನೊಬ್ಬ ಅವರ ಅಣ್ಣನ ಮಗ, ಹಳಿಯಾಳ ತಾಲೂಕಿನ ಕನ್ನಡ ಪ್ರಾಥಮಿಕ ಶಾಲೆಯೊಂದರ ಶಿಕ್ಷಕ. ಅವನ ತರಗತಿಯಲ್ಲಿ ಸಿದ್ದಿ ಮಕ್ಕಳೂ ಗೌಳಿ ಮಕ್ಕಳೂ ಇದ್ದಾರೆ.

ಮಾಸ್ತರ: ಅತ್ತೆ, ಡಿ.ಇಡಿ. ಓದುವಾಗ ಫ್ರೊಬೆಲ್, ಮಾಂಟೆಸ್ಸೊರಿ, ಡ್ಯೂಯಿ, ಪಿಯಾಜೆ ನಾಲ್ವರನ್ನೂ ಬಾಯಿಪಾಠ ಮಾಡಿದ್ದೆ. ಹತ್ತು ಅಂಕಕ್ಕೆ ಬಂದರೆ ಎರಡು ಪುಟ, ಐದು ಅಂಕಕ್ಕಾದರೆ ಒಂದು. ಅಂತರರಾಷ್ಟ್ರೀಯ ನೋಟ ಅಂದರೆ ಅದೇ ತಾನೆ?

ಅತ್ತೆ: ಅದು ಹೆಸರಿನ ಪಟ್ಟಿ. ಹೊರಗಿನದು ಒಳಗೆ ಬಂದು ದುಡಿದದ್ದನ್ನು ನೋಡಬೇಕಾದರೆ ಈ ಊರಿನ ಕಥೆ ಕೇಳು. ಮೂರನೇ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲೂಕಿನ ಹತ್ತು ಹಳ್ಳಿಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗವಾಗಿ ಶುರುಮಾಡಿದರು. 1906ಕ್ಕೆ ಅದು ಇಡೀ ಬರೋಡಾ ಸಂಸ್ಥಾನಕ್ಕೆ ಹಬ್ಬಿತು. ಬ್ರಿಟಿಷರ ಆಡಳಿತವಿದ್ದ ಕಡೆ ಗೋಖಲೆಯವರು 1911ರಲ್ಲಿ ಅಂಥದೇ ಮಸೂದೆ ತಂದರೆ ಅದು ಬಿದ್ದುಹೋಯಿತು. ಮಹಾರಾಜರು ಯುರೋಪು, ಅಮೆರಿಕ ತಿರುಗಿದವರು. ಅಮೆರಿಕದ ಗ್ರಂಥಾಲಯಗಳನ್ನು ಮೆಚ್ಚಿ 1910ರಲ್ಲಿ ವಿಲಿಯಂ ಬೋರ್ಡನ್ ಎಂಬವರನ್ನು ಅಲ್ಲಿಂದ ಕರೆಸಿದರು. ಬೋರ್ಡನ್ ಮೂರು ವರ್ಷ ಇದ್ದರು, ಊರಿನವರಿಗೇ ತರಗತಿ ನಡೆಸಿ ಗ್ರಂಥಪಾಲಕರನ್ನು ತಯಾರು ಮಾಡಿದರು, ಹೊರಟುಹೋದರು. ಹಳ್ಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುವ ಸಂಚಾರಿ ಗ್ರಂಥಾಲಯ ಆಮೇಲೂ ನಡೆಯಿತು.

ಮಾಸ್ತರ: ಅಂದರೆ ಹೊರಗಿನವರು ಬಂದು ಹೋಗಬೇಕು, ಕೆಲಸ ಊರಿನವರ ಕೈಯಲ್ಲಿ ಉಳಿಯಬೇಕು.

ಅತ್ತೆ: ಬೋರ್ಡನ್ನರ ಮಟ್ಟಿಗೆ ಹಾಗಾಯಿತು. ಎದುರು ದಿಕ್ಕಿನ ಪಯಣ ಒಂದಿದೆ, ಅದು ಅಷ್ಟು ಸುಖದ್ದಲ್ಲ. 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನದ ಮೇಲೆ ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋದರು, ಅಲ್ಲಿ ನಿನ್ನ ಐದು ಅಂಕದ ಡ್ಯೂಯಿಯವರ ತರಗತಿಯಲ್ಲೇ ಕೂತರು. 1917ರಲ್ಲಿ ಸಂಸ್ಥಾನದ ನೌಕರಿಗೆಂದು ಇಲ್ಲಿಗೆ ಬಂದಾಗ ಅವರಿಗೆ ಯಾರೂ ಮನೆ ಕೊಡಲಿಲ್ಲ. ಜಾತಿ ಮರೆಸಿ ಪಾರ್ಸಿ ಛತ್ರದಲ್ಲಿದ್ದರು. ಗೊತ್ತಾದ ದಿನ ಅಲ್ಲಿಂದಲೂ ಎಬ್ಬಿಸಿದರು. ಕಡ್ಡಾಯ ಶಿಕ್ಷಣ ತಂದ ರಾಜಧಾನಿಯಲ್ಲೇ ನಡೆದದ್ದು ಇದು. ಡ್ಯೂಯಿಯ ಪಾಠವನ್ನು ಬರೋಡಾದಲ್ಲಿ ಮಾಡುವವರು ಈ ಭಾಗವನ್ನು ಬಿಟ್ಟು ಮಾಡಬಾರದು.

ಮಾಸ್ತರ: ನಮ್ಮ ಕಡೆಯವರು ಯಾರಾದರೂ ಆ ಕಾಲದ ಬರೋಡಾದಲ್ಲಿ ಪಾಠ ಹೇಳಿದ್ದುಂಟೆ?

ಅತ್ತೆ: ಬೆಳಗಾವಿಯಲ್ಲಿ ಶಾಲೆ ನಡೆಸಿ ಬಂದವರು ಒಬ್ಬರಿದ್ದರು, ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರ್. ಇಲ್ಲಿನ ಗಂಗಾನಾಥ ವಿದ್ಯಾಲಯ ಎಂಬ ರಾಷ್ಟ್ರೀಯ ಶಾಲೆಯ ಮುಖ್ಯಸ್ಥರಾಗಿದ್ದರು. ಆ ಶಾಲೆಯಲ್ಲಿ ಗುರುಗಳನ್ನು ಸರ್ ಎಂದು ಕರೆಯುತ್ತಿರಲಿಲ್ಲ, ಮನೆಯ ಸಂಬಂಧ ಹಚ್ಚಿ ಕರೆಯುತ್ತಿದ್ದರು. ಕಾಲೇಲ್ಕರ್ ಕಾಕಾ ಆದರು, ಫಡಕೆ ಮಾಮಾ ಆದರು. ಕಾಕಾ ಕಾಲೇಲ್ಕರ್ ಎಂಬ ಹೆಸರು ಹುಟ್ಟಿದ್ದು ಈ ಊರಿನ ತರಗತಿಯಲ್ಲಿ. ಶಾಲೆ ಸರ್ಕಾರದ ಕಣ್ಣಿಗೆ ಬಿದ್ದು ಬೇಗ ಮುಚ್ಚಿತು, ಹೆಸರು ಉಳಿಯಿತು. ಶಿಕ್ಷಕ ಮತ್ತು ಮಗುವಿನ ನಡುವಿನ ಸಂಬಂಧ ಹೇಗಿರಬೇಕೆಂದು ಪಠ್ಯಕ್ರಮದಲ್ಲಿ ಅಧ್ಯಾಯವೇ ಇರುತ್ತದೆ. ಅಲ್ಲಿ ಅದನ್ನು ಕರೆಯುವ ದನಿಯಲ್ಲೇ ಮುಗಿಸಿದ್ದರು.

ಮಾಸ್ತರ: ಮಾಂಟೆಸ್ಸೊರಿ ಗುಜರಾತಿಗೆ ಬಂದದ್ದು ಗಿಜುಭಾಯಿಯವರಿಂದ ಅಲ್ಲವೆ?

ಅತ್ತೆ: ಹೌದು, ಬಂದ ರೀತಿಯೂ ಗಮನಿಸಬೇಕಾದ್ದು. ಗಿಜುಭಾಯಿ ಬಧೇಕಾ ವಕೀಲರು. ಮಗ ಹುಟ್ಟಿದ ಮೇಲೆ ಮಾಂಟೆಸ್ಸೊರಿಯವರ ಬರಹ ಓದಿ ವಕೀಲಿಕೆ ಬಿಟ್ಟು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ಐದು ವರ್ಷದಲ್ಲಿ ಶಿಕ್ಷಕರಿಗೆಂದು ಅಧ್ಯಾಪನ ಮಂದಿರವೂ ಆಯಿತು. ಮಾಂಟೆಸ್ಸೊರಿಯವರು ಭಾರತಕ್ಕೆ ಬಂದದ್ದು 1939ರಲ್ಲಿ, ಅಡ್ಯಾರಿಗೆ. ಗಿಜುಭಾಯಿ ತೀರಿಹೋದದ್ದು ಅದೇ ವರ್ಷ. ಅಂದರೆ ಇವರಿಗೆ ಮೇಲಿನಿಂದ ಕೂತು ತಿದ್ದುವ ತಜ್ಞರು ಇರಲಿಲ್ಲ. ಮಾಂಟೆಸ್ಸೊರಿ ಕಟ್ಟುಕಥೆಯನ್ನು ಎಳೆಯ ಮಕ್ಕಳಿಗೆ ಬೇಡವೆಂದರು. ಗಿಜುಭಾಯಿ ಕಾಠಿಯಾವಾಡದ ಕಥೆಗಳನ್ನೇ ಬಾಲಮಂದಿರದ ಜೀವವಾಗಿ ಮಾಡಿಕೊಂಡರು. ಮೀಸೆಯುಳ್ಳ ಅಮ್ಮ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ. ಅವರ ಸಂಗಡ ಕೆಲಸ ಕಲಿತ ತಾರಾಬಾಯಿ ಮೋಡಕ್ ಮುಂದೆ ಅನುತಾಯಿ ವಾಘ್ ಜೊತೆ ಬೋರ್ಡಿ, ಕೋಸಬಾಡಗಳಲ್ಲಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಹೋಗಿ ಕೂತರು. ಮಕ್ಕಳು ಶಾಲೆಗೆ ಬಾರದಿದ್ದರೆ ಅಂಗಳಕ್ಕೇ ಶಾಲೆ ಹೋಯಿತು, ಮೇಯಿಸುವ ಮಕ್ಕಳಿದ್ದರೆ ಹುಲ್ಲುಗಾವಲಿಗೇ ಹೋಯಿತು. ನಿಜ ಹೇಳಬೇಕೆಂದರೆ, ಹೊರಗಿನದೂ ಮೂಲದ್ದೂ ಒಂದೇ ಚಾಪೆಯ ಮೇಲೆ ಕೂತದ್ದು ಅಲ್ಲಿ. ವಿಶ್ವವಿದ್ಯಾಲಯಗಳಲ್ಲಿ ಅದು ಬಹಳ ತಡವಾಯಿತು.

ಮಾಸ್ತರ: ಇಲ್ಲಿನ ವಿಶ್ವವಿದ್ಯಾಲಯದಲ್ಲೂ?

ಅತ್ತೆ: ರೈಲು ಹಳಿಯ ಆಚೆಗಿರುವ ಇದೇ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ. ಬರೋಡಾದಲ್ಲಿ 1935ರಲ್ಲೇ ಪ್ರೌಢಶಾಲಾ ಶಿಕ್ಷಕರ ತರಬೇತಿ ಕಾಲೇಜಿತ್ತು. 1949ರಲ್ಲಿ ವಿಶ್ವವಿದ್ಯಾಲಯ ಆದಾಗ ಅದು ಶಿಕ್ಷಣ ಮತ್ತು ಮನಃಶಾಸ್ತ್ರ ನಿಕಾಯವಾಯಿತು. ಮೊದಲ ಕುಲಪತಿ ಹಂಸಾ ಮೆಹತಾ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ ಗಂಡಸರನ್ನಷ್ಟೇ ಹೇಳುವ ಪದವಿದ್ದ ಜಾಗದಲ್ಲಿ ಎಲ್ಲ ಮನುಷ್ಯಜೀವಿಗಳೂ ಎಂದು ಬರೆಸಿದವರು. 1974ರಲ್ಲಿ ಎಂ. ಬಿ. ಬುಚ್ ಅವರು ದೇಶದ ಶಿಕ್ಷಣ ಸಂಶೋಧನೆಯ ಮೊದಲ ಸಮೀಕ್ಷೆಯನ್ನು ಇಲ್ಲಿನ ಉನ್ನತ ಅಧ್ಯಯನ ಕೇಂದ್ರದಿಂದ ತಂದರು. ಜಗತ್ತಿನ ಜೊತೆ ಮಾತಿನಲ್ಲಿದ್ದ ಸಂಸ್ಥೆ. ಆದರೆ ಪೂರ್ವಕ್ಕೆ 90 ಕಿಲೋಮೀಟರ್ ಹೋದರೆ ರಾಠ್ವಾ ಆದಿವಾಸಿಗಳ ಊರುಗಳು. ಆ ದಾರಿ ಬಹಳ ಕಾಲ ಒಂದೇ ಕಡೆಗಿತ್ತು. ಇಲ್ಲಿಂದ ಅಧ್ಯಯನಕ್ಕೆ ಹೋಗುತ್ತಿದ್ದರು, ಅಲ್ಲಿಂದ ಪಾಠ ಹೇಳಲು ಯಾರನ್ನೂ ಕರೆಯುತ್ತಿರಲಿಲ್ಲ.

ಮಾಸ್ತರ: ಆದಿವಾಸಿಗಳಿಗೆ ಶಾಲೆಯನ್ನಂತೂ ಸಯಾಜಿರಾವ್ ಕಾಲದಲ್ಲೇ ಕೊಟ್ಟಿದ್ದರಲ್ಲ?

ಅತ್ತೆ: ಸೋನ್‌ಗಢದಲ್ಲಿ ವಸತಿಶಾಲೆ ಇತ್ತು, ಆ ಕಾಲಕ್ಕೆ ದೊಡ್ಡ ಮಾತೇ. ಮುಂದೆ ಸೂರತ್ ಕಡೆಯ ವೇಡ್ಛಿಯಲ್ಲಿ ಗಾಂಧೀವಾದಿ ಜುಗತರಾಮ ದವೆ ಜೀವನ ಪೂರ್ತಿ ದುಡಿದರು. ಅಲ್ಲಿನ ಜನರನ್ನು ಮೇಲಿನವರು ಕಾಳಿಪರಜ್, ಅಂದರೆ ಕರಿಯ ಪ್ರಜೆ ಎನ್ನುತ್ತಿದ್ದರು. 1920ರ ದಶಕದಲ್ಲಿ ಅದು ರಾನಿಪರಜ್, ಕಾಡಿನ ಪ್ರಜೆ ಎಂದಾಯಿತು. ಹೆಸರು ಬದಲಿಸುವುದೂ ಶಿಕ್ಷಣವೇ. ಆದರೂ ಎರಡೂ ಕಡೆ ಮಾದರಿ ಒಂದೇ: ಮಗು ಬದಲಾಗಬೇಕು. ಹಲ್ಲುಜ್ಜುವುದು, ಖಾದಿ, ಶುದ್ಧ ಗುಜರಾತಿ. ಮಗು ಮನೆಯಿಂದ ಹೊತ್ತು ತಂದದ್ದನ್ನು ಗುರು ಕಲಿಯಬೇಕು ಎಂಬ ಯೋಚನೆ ಅಲ್ಲಿರಲಿಲ್ಲ, ಅಥವಾ ಇದ್ದರೂ ತರಬೇತಿಯ ಅಂಗವಾಗಿರಲಿಲ್ಲ.

ಮಾಸ್ತರ: ಅದು ಯಾವಾಗ ಬಂತು?

ಅತ್ತೆ: ಇದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಗಣೇಶ ದೇವಿಯವರು ಕೆಲಸ ಬಿಟ್ಟು 1996ರಲ್ಲಿ ಭಾಷಾ ಸಂಶೋಧನಾ ಕೇಂದ್ರ ಕಟ್ಟಿದರು. ಆಮೇಲೆ ರಾಠ್ವಾ ಸೀಮೆಯ ತೇಜ್‌ಗಢದಲ್ಲಿ ಆದಿವಾಸಿ ಅಕಾಡೆಮಿ. ಢೋಲ್ ಎಂಬ ಪತ್ರಿಕೆ ರಾಠ್ವಿ, ಡುಂಗ್ರಿ ಭೀಲಿ, ಕುಂಕಣಾ ಮುಂತಾದ ಮಾತುಗಳಲ್ಲಿ ಗುಜರಾತಿ ಲಿಪಿಯಲ್ಲೇ ಬಂತು. ವಾಚಾ ಎಂಬ ಸಂಗ್ರಹಾಲಯ ಆಯಿತು, ಶಾಲೆ ತಪ್ಪಿದ ಮಕ್ಕಳಿಗೆ ವಸಂತಶಾಲೆ ಆಯಿತು. ಅಲ್ಲಿ ಪಾಠ ಮಗುವಿನ ಮಾತಿನಿಂದ ಹೊರಟು ಗುಜರಾತಿಗೆ ಹೋಗುತ್ತದೆ. ದೇವಿಯವರ ಮುಂದಾಳುತನದಲ್ಲಿ 2010ರಲ್ಲಿ ಶುರುವಾದ ಭಾರತೀಯ ಭಾಷೆಗಳ ಜನಸಮೀಕ್ಷೆ 780 ಭಾಷೆಗಳನ್ನು ದಾಖಲಿಸಿತು. ಸಂಶೋಧಕ ಎಂ. ಎಂ. ಕಲಬುರ್ಗಿಯವರ ಹತ್ಯೆಯಾದ ಮರುವರ್ಷ, 2016ರಲ್ಲಿ, ಅವರು ವಡೋದರಾ ಬಿಟ್ಟು ನಿಮ್ಮ ಧಾರವಾಡಕ್ಕೆ ಬಂದು ನೆಲೆಸಿದರು. ಹಳಿಯಾಳದಿಂದ ಬಸ್ಸು ಹತ್ತಿದರೆ ಧಾರವಾಡ. ನೀನು ಇದನ್ನು ಕೇಳಲು ಅಲ್ಕಾಪುರಿಗೆ ಬಂದಿದ್ದೀಯ.

ಮಾಸ್ತರ: ಅಕಾಡೆಮಿಯಲ್ಲಿ ಶಿಕ್ಷಕನಾದವನು ನೋಡಬೇಕಾದದ್ದು ಯಾವುದು?

ಅತ್ತೆ: ಅಕಾಡೆಮಿಗಿಂತ ಮೊದಲು ಸುತ್ತಲಿನ ರಾಠ್ವಾ ಮನೆಗಳ ಪಿಥೋರಾ. ಮನೆಯಲ್ಲಿ ಕಾಯಿಲೆಯೋ ಕಷ್ಟವೋ ಬಂದರೆ ಪಿಥೋರಾ ದೇವರಿಗೆ ಹರಕೆ ಹೊರುತ್ತಾರೆ. ಹರಕೆ ತೀರಿಸುವಾಗ ಜಗಲಿ ಮತ್ತು ಒಳಮನೆಯ ನಡುವಿನ ಗೋಡೆಯನ್ನು ಮದುವೆಯಾಗದ ಹುಡುಗಿಯರು ಸಗಣಿ ಮಣ್ಣು, ಬಿಳಿಮಣ್ಣಿನಿಂದ ಸಾರಿಸುತ್ತಾರೆ. ಬಣ್ಣಕ್ಕೆ ಹಾಲು ಮತ್ತು ಹಿಪ್ಪೆಯ ಹೆಂಡ ಬೆರೆಸುತ್ತಾರೆ. ಗೋಡೆ ತುಂಬ ಕುದುರೆ, ದೇವರ ದಿಬ್ಬಣ, ಹೊಲ, ಬಾವಿ, ಸೂರ್ಯ, ಚಂದ್ರ. ಅದನ್ನು ಮಾಡುವವನನ್ನು ಚಿತ್ರಕಾರ ಎನ್ನುವುದಿಲ್ಲ, ಲಖಾರೋ ಎನ್ನುತ್ತಾರೆ. ಲಖವುಂ ಅಂದರೆ ಬರೆ. ಮುಗಿದ ಮೇಲೆ ಬಡವೋ, ಅಂದರೆ ಅವರ ಪೂಜಾರಿ, ಆವೇಶ ಬಂದು ಗೋಡೆಯ ಮುಂದೆ ನಿಂತು ಒಂದೊಂದನ್ನೂ ಗುರುತಿಸಿ ಹೇಳುತ್ತಾನೆ. ಬಿಟ್ಟುಹೋದದ್ದಿದ್ದರೆ ಸೇರಿಸಬೇಕು. ಬರೆಯುವವನು ಒಬ್ಬ, ಓದುವವನು ಒಬ್ಬ, ತಪ್ಪು ತಿದ್ದುವ ವ್ಯವಸ್ಥೆಯೂ ಇದೆ. ಇಂಥ ಮನೆಯಿಂದ ಬಂದ ಮಗುವಿನ ದಾಖಲಾತಿ ರಿಜಿಸ್ಟರಿನಲ್ಲಿ ತಂದೆ ತಾಯಿ ಎದುರಿಗೆ ನಾವು ಬರೆಯುವುದೇನು?

ಮಾಸ್ತರ: ಅನಕ್ಷರಸ್ಥರು.

ಅತ್ತೆ: ಅಕ್ಷರದ ಲೆಕ್ಕಕ್ಕೆ ಅದು ಸರಿ. ಆದರೆ ಬರಹ, ಓದು ಎಂಬ ಕಲ್ಪನೆಯೇ ಆ ಮಗುವಿಗೆ ಹೊಸದು ಎಂದುಕೊಂಡು ಪಾಠ ಶುರುಮಾಡಿದರೆ ಶಿಕ್ಷಕ ಮೊದಲ ದಿನವೇ ತಪ್ಪಿದ. ಕನ್ನಡದವರಿಗೆ ಇದು ಅರ್ಥವಾಗಲು ಕಷ್ಟವೂ ಇಲ್ಲ. ನಾವೂ ಚಿತ್ರ ಬರೆಯುತ್ತೇವೆ ಎನ್ನುತ್ತೇವಲ್ಲ! ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡ ಭಾಷೆ ನಮ್ಮದು. ಶಾಲೆಗೆ ಹೋದ ಮೇಲೆ ಅದನ್ನು ಮರೆತು ಬರೆಯುವುದನ್ನು ಅಕ್ಷರಕ್ಕಷ್ಟೇ ಬಿಟ್ಟುಕೊಟ್ಟೆವು.

ಮಾಸ್ತರ: ಹಾಗಾದರೆ ನಮ್ಮ ಸಿದ್ದಿ ಹೆಂಗಸರ ಕೌದಿಯೂ ಅಂಥದೇ. ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಫೂಲ್ ಎಂದು ತ್ರಿಕೋನದ ತುಂಡುಗಳನ್ನು ಮಡಿಚಿ ಹಚ್ಚುತ್ತಾರೆ. ಫೂಲ್ ಇಲ್ಲದ ಕೌದಿ ಮೈಮೇಲೆ ಬಟ್ಟೆ ಇಲ್ಲದ ಹಾಗೆ ಎನ್ನುತ್ತಾರೆ. ನಾಲ್ಕನೇ ತರಗತಿಯ ಜ್ಯಾಮಿತಿ ಪೂರ್ತಿ ಅದರಲ್ಲಿದೆ.

ಅತ್ತೆ: ಇದೆ. ಅದನ್ನು ಪಾಠ ಟಿಪ್ಪಣಿಯಲ್ಲಿ ಯಾವ ಕಲಮಿನಲ್ಲಿ ಬರೆಯುತ್ತೀಯ?

ಮಾಸ್ತರ: ಬೋಧನೋಪಕರಣ ಎಂಬಲ್ಲಿ.

ಅತ್ತೆ: ನೋಡಿದೆಯಾ, ಹೊಲಿದ ಅಜ್ಜಿ ಬಿಟ್ಟುಹೋದಳು, ಕೌದಿ ಚಾರ್ಟಿನ ಹಾಗೆ ಗೋಡೆಗೆ ತೂಗುಬಿತ್ತು. ಮೂಲನಿವಾಸಿಗಳ ನೋಟ ಎಂದು ನಡೆಯುವ ಹೆಚ್ಚಿನ ಕಾರ್ಯಕ್ರಮಗಳ ಕಥೆ ಇಷ್ಟೇ. ವರ್ಷಕ್ಕೊಂದು ದಿನ ನೃತ್ಯ, ಪ್ರದರ್ಶನ, ಮರುದಿನ ಅದೇ ಪಾಠ. ಅಜ್ಜಿ ಬಂದು ಪ್ರಶಿಕ್ಷಣಾರ್ಥಿಗಳಿಗೆ ಹೊಲಿಯಲು ಕಲಿಸಿ, ಅವರ ಹೊಲಿಗೆ ಸರಿಯಿಲ್ಲ ಬಿಚ್ಚಿ ಎಂದು ಹೇಳುವ ಅಧಿಕಾರ ಅವಳಿಗೆ ಇದ್ದರೆ ಅದು ತರಬೇತಿ.

ಮಾಸ್ತರ: ಅಜ್ಜಿಗೆ ಅಂಥ ಅಧಿಕಾರ ಎಲ್ಲಾದರೂ ಕೊಟ್ಟಿದ್ದಾರಾ?

ಅತ್ತೆ: ನ್ಯೂಜಿಲೆಂಡಿನಲ್ಲಿ ಕೊಟ್ಟರು; ಸರಿಯಾಗಿ ಹೇಳಬೇಕೆಂದರೆ ಮಾವೊರಿ ಜನ ತಾವೇ ತೆಗೆದುಕೊಂಡರು. ಭಾಷೆ ಸಾಯುತ್ತಿದೆ ಎಂದು ಗೊತ್ತಾದಾಗ 1982ರಲ್ಲಿ ಕೊಹಂಗಾ ರೆಓ, ಭಾಷೆಯ ಗೂಡು ಎಂಬ ಶಿಶುಶಾಲೆಗಳನ್ನು ತೆರೆದರು. ಭಾಷೆ ಬಲ್ಲ ಹಿರಿಯರೇ ಅಲ್ಲಿ ಗುರುಗಳು. ಮಕ್ಕಳು ಬೆಳೆದು ಹೊರಗೆ ಬಂದಾಗ ಮಾವೊರಿಯಲ್ಲೇ ನಡೆಯುವ ಶಾಲೆ ಬೇಕಾಯಿತು, ಶಾಲೆಗೆ ಶಿಕ್ಷಕರು ಬೇಕಾದರು. ತರಬೇತಿ ಕೊನೆಗೆ ಬಂತು, ಬೇಡಿಕೆಯ ಬೆನ್ನಿಗೆ. ನಮ್ಮಲ್ಲಿ ಆದೇಶ ಮೊದಲು ಬರುತ್ತದೆ. ನಾರ್ವೆಯ ಕೌಟೊಕೈನೊದಲ್ಲಿ 1989ರಿಂದ ಸಾಮಿ ಜನರ ಕಾಲೇಜಿದೆ, ಶಿಕ್ಷಕರ ತರಬೇತಿಯೂ ಸಾಮಿ ಭಾಷೆಯಲ್ಲೇ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ 1974ರಲ್ಲಿ ಮೂಲನಿವಾಸಿ ಶಿಕ್ಷಕರಿಗೆಂದೇ ಪದವಿ ತೆರೆಯಿತು. ಅದರಲ್ಲಿ ಮೊದಲ ವರ್ಷಗಳ ಓದು ಅವರವರ ಪ್ರದೇಶದ ಕೇಂದ್ರದಲ್ಲಿ, ವ್ಯಾಂಕೂವರಿಗೆ ಹೋಗುವುದು ಆಮೇಲೆ.

ಮಾಸ್ತರ: ಕೆನಡಾದ ವಸತಿಶಾಲೆಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಅತ್ತೆ: ಮಕ್ಕಳನ್ನು ಮನೆಯಿಂದ ಕಿತ್ತು ತಂದು, ಮನೆಮಾತು ಆಡಿದರೆ ಹೊಡೆದ ಶಾಲೆಗಳವು. ಅದರ ವಿಚಾರಣೆಗೆಂದು ಕೂತ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಶಿಫಾರಸು ಮಾಡಿತು. 62ನೆಯದು ಶಿಕ್ಷಕರ ಕುರಿತದ್ದು: ಮೂಲನಿವಾಸಿಗಳ ಜ್ಞಾನವನ್ನೂ ಕಲಿಸುವ ಕ್ರಮವನ್ನೂ ತರಗತಿಗೆ ತರುವುದು ಹೇಗೆಂದು ಶಿಕ್ಷಕರಿಗೆ ಕಲಿಸಲು ಕಾಲೇಜುಗಳಿಗೆ ಹಣ ಕೊಡಬೇಕು. ಕಲಿಸುವ ಕ್ರಮವನ್ನೂ ಎಂಬುದರ ಮೇಲೆ ಗೆರೆ ಎಳೆದುಕೋ. ಆಸ್ಟ್ರೇಲಿಯಾ ಇನ್ನೊಂದು ದಾರಿ ಹಿಡಿಯಿತು. 2011ರ ಶಿಕ್ಷಕರ ಅರ್ಹತಾ ಮಾನದಂಡಗಳಲ್ಲಿ ಮೂಲನಿವಾಸಿ ಮಕ್ಕಳಿಗೆ ಕಲಿಸಲು ಬರುತ್ತದೆಯೇ, ಅವರ ಚರಿತ್ರೆ, ಭಾಷೆಗಳ ಬಗ್ಗೆ ತಿಳಿವಳಿಕೆ, ಗೌರವ ಇದೆಯೇ ಎಂದು ಎರಡು ಕಲಮು ಸೇರಿಸಿತು. ಅದು ಎಲ್ಲ ಶಿಕ್ಷಕರಿಗೂ ಅನ್ವಯ, ಸಿಡ್ನಿಯ ಮಧ್ಯದಲ್ಲಿ ಪಾಠ ಮಾಡುವವರಿಗೂ. ನಮ್ಮಲ್ಲಿ ಆದಿವಾಸಿ ವಿಷಯ ಆಶ್ರಮಶಾಲೆಗೆ ಹೋಗುವವನಿಗೆ ಮಾತ್ರ ಎಂಬ ಭಾವನೆ ಇದೆ. ಅಲ್ಕಾಪುರಿಯ ಇಂಗ್ಲಿಷ್ ಶಾಲೆಯ ಟೀಚರಿಗೂ ಅದು ಬೇಕು, ರಾಠ್ವಾ ಮಗು ಅವರ ತರಗತಿಯಲ್ಲಿ ಇಲ್ಲದಿದ್ದರೂ.

ಮಾಸ್ತರ: ನಮ್ಮ ಕಾನೂನಿನಲ್ಲಿ ಏನೂ ಇಲ್ಲವೆ?

ಅತ್ತೆ: ಕಾನೂನಿಗೆ ಬರ ಇಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು, ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಎನ್ನುತ್ತದೆ. 2020ರ ಶಿಕ್ಷಣ ನೀತಿಯೂ ಐದನೇ ತರಗತಿಯವರೆಗೆ ಮನೆಮಾತು ಎನ್ನುತ್ತದೆ, ಸಾಧ್ಯವಿರುವ ಕಡೆ ಎಂದು ಸೇರಿಸಿ. ಆ ಸಾಧ್ಯವಾದಷ್ಟು ಎಂಬ ಮಾತಿನ ಅಳತೆ ಶಿಕ್ಷಕ. ಅವನಿಗೆ ಮಗುವಿನ ಮಾತು ಬಂದರೆ ಸಾಧ್ಯ, ಬಾರದಿದ್ದರೆ ಇಲ್ಲ. ಭೀಲಿ ಗುಂಪಿನ ಮಾತುಗಳನ್ನು ಆಡುವವರು 2011ರ ಜನಗಣತಿಯಲ್ಲಿ ಒಂದು ಕೋಟಿಗೂ ಹೆಚ್ಚು. ಎಂಟನೇ ಅನುಸೂಚಿಯಲ್ಲಿ ಅದಿಲ್ಲ. ಹಾಗಾಗಿ ಅದು ಬರುತ್ತದೆಯೇ ಎಂದು ನೇಮಕಾತಿಯಲ್ಲಿ ಕೇಳುವವರೂ ಇಲ್ಲ.

ಮಾಸ್ತರ: ಕರ್ನಾಟಕದಲ್ಲಿ ನಲಿ-ಕಲಿ ಇದೆಯಲ್ಲ. ಅದು ಸ್ವಲ್ಪ ಬೇರೆ ಥರ ಹುಟ್ಟಿತು ಎನ್ನುತ್ತಾರೆ.

ಅತ್ತೆ: ಹೌದು, ನಮ್ಮವರು ಅದರ ಹುಟ್ಟನ್ನು ಮರೆತಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಋಷಿವ್ಯಾಲಿಗೆ ಹೋದರು. ಅಲ್ಲಿನ ಸಣ್ಣ ಹಳ್ಳಿಶಾಲೆಗಳಲ್ಲಿ ಒಬ್ಬನೇ ಮಾಸ್ತರ ಹಲವು ತರಗತಿ ನಡೆಸುವ ಕ್ರಮ ನೋಡಿದರು. ವಾಪಸು ಬಂದು ಕಾರ್ಡು, ಹಾಡು, ಕಲಿಕಾ ಏಣಿ ಎಲ್ಲ ತಾವೇ ಕೂತು ಬರೆದರು. ಕಾಡಂಚಿನ ತಾಲೂಕು, ಜೇನುಕುರುಬ ಹಾಡಿಗಳಿರುವ ಜಾಗ. ಶಿಕ್ಷಕರೇ ಬರೆದಾಗ ಅದರಲ್ಲಿ ಜೀವ ಇತ್ತು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿದ ಮೇಲೆ ಕಾರ್ಡು ಅಚ್ಚಾಗಿ ಬಂತು, ಬರೆಯುವ ಕೆಲಸ ಹೋಯಿತು.

ಮಾಸ್ತರ: ನನಗೆ ತಲುಪಿದ್ದು ಆ ಅಚ್ಚಿನ ಕಾರ್ಡು. ನನ್ನ ಮಕ್ಕಳ ಕಷ್ಟ ಇನ್ನೊಂದು. ಸಿದ್ದಿಗಳ ಮನೆಮಾತು ಕೊಂಕಣಿಯ ಜಾತಿಯದು, ಗೌಳಿಗಳದು ಮರಾಠಿಯದು. ಕಾರ್ಡು ಕನ್ನಡ. ಅಪ್ಪಂದಿರು ಕೇಳುವುದು ಇಂಗ್ಲಿಷು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಏನಾದರೂ ಮಾಡಿದೆಯೆ?

ಅತ್ತೆ: 1969ರಲ್ಲಿ ಹುಟ್ಟಿದ ಸಂಸ್ಥೆ ಅದು. ದೇಬಿಪ್ರಸನ್ನ ಪಟ್ನಾಯಕರು ಮುಖ್ಯಸ್ಥರಾಗಿದ್ದಾಗ ಹಲವು ಬುಡಕಟ್ಟು ಭಾಷೆಗಳಿಗೆ ಅಲ್ಲಿಯ ರಾಜ್ಯಭಾಷೆಯ ಲಿಪಿಯಲ್ಲೇ ಮೊದಲ ಪುಸ್ತಕ ಮಾಡಿದರು. ಮನೆಮಾತಿನಲ್ಲಿ ಶುರು, ವರ್ಷ ಹೋದಂತೆ ರಾಜ್ಯಭಾಷೆಯ ಪಾಲು ಹೆಚ್ಚು. ದ್ವಿಭಾಷಾ ಸೇತುವೆ ಎಂದು ಬೇಕಾದರೆ ಕರೆ. ಪುಸ್ತಕ ಬಂತು, ಅದನ್ನು ಹಿಡಿದು ನಿಲ್ಲುವ ಶಿಕ್ಷಕರ ಸಂಖ್ಯೆ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಮೂರು ಮಾತಿನ ತರಗತಿಗೆ ಪುಸ್ತಕದಿಂದ ಪರಿಹಾರವೂ ಇಲ್ಲ. ಅಲ್ಲಿ ಬೇಕಾದದ್ದು ಆ ಊರಿನ ಸಿದ್ದಿ ಹುಡುಗಿಯೊಬ್ಬಳು ಶಿಕ್ಷಕಿಯಾಗಿ ಅದೇ ಶಾಲೆಗೆ ಬರುವುದು.

ಮಾಸ್ತರ: 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ ಮೇಲೆ ಓದಿದವರು ಹೆಚ್ಚಾಗಿದ್ದಾರೆ. ಆದರೆ ಮೀಸಲಾತಿಯಲ್ಲಿ ಬಂದ ಶಿಕ್ಷಕರಿಗೆ ಪೋಸ್ಟಿಂಗ್ ಎಲ್ಲಿ ಸಿಗುತ್ತದೋ ಅಲ್ಲಿಗೆ.

ಅತ್ತೆ: ಹಾಗಾಗಿ ಗುಜರಾತಿನ ಗಿರ್ ಸೀಮೆಯ ಜಾಂಬೂರಿನ ಸಿದ್ದಿ ಮಗುವಿಗೂ ಹಳಿಯಾಳದ ಸಿದ್ದಿ ಮಗುವಿಗೂ ಶಾಲೆಯಲ್ಲಿ ಎದುರಾಗುವ ಕಷ್ಟ ಹೆಚ್ಚುಕಡಿಮೆ ಒಂದೇ, ಒಬ್ಬರ ಮನೆಮಾತು ಗುಜರಾತಿ, ಇನ್ನೊಬ್ಬರದು ಕೊಂಕಣಿ ಆದರೂ. ಅವರ ಚರಿತ್ರೆ ಇಬ್ಬರ ಪುಸ್ತಕದಲ್ಲೂ ಇಲ್ಲ, ಇಬ್ಬರ ಎದುರಿಗೂ ತಮ್ಮವರೊಬ್ಬರು ನಿಂತಿರುವುದು ಅಪರೂಪ. ಆಫ್ರಿಕಾದಿಂದ ಅರಬ್ಬೀ ಸಮುದ್ರ ದಾಟಿ ಬಂದವರ ಮಕ್ಕಳಿಗೆ ಅಂತರರಾಷ್ಟ್ರೀಯ ನೋಟವನ್ನು ನಾವು ಹೊರಗಿನಿಂದ ತಂದು ಕೊಡುತ್ತೇವೆ ಎನ್ನುವುದು ತಮಾಷೆ. ಅದು ಅವರ ಮೈಯಲ್ಲೇ ಇದೆ.

ಮಾಸ್ತರ: ನಾಲ್ಕು ವರ್ಷದ ಹೊಸ ಸಂಯೋಜಿತ ಶಿಕ್ಷಕ ಪದವಿ 2023ರಿಂದ ಶುರುವಾಗಿದೆ. ಅದರಲ್ಲಿ ಇದಕ್ಕೆ ಜಾಗ ಮಾಡುವುದಾದರೆ ನೀವು ಏನು ಸೇರಿಸುತ್ತೀರಿ?

ಅತ್ತೆ: ಹೊಸ ಪತ್ರಿಕೆ ಸೇರಿಸುವುದಿಲ್ಲ, ಅದೂ ಐದು ಅಂಕದ ಪ್ರಶ್ನೆಯಾಗುತ್ತದೆ. ಬೋಧನಾಭ್ಯಾಸದ ವಾರಗಳಲ್ಲಿ ಒಂದು ಭಾಗ ಪಾಠ ಮಾಡದೆ ಇರಬೇಕು. ಪ್ರಶಿಕ್ಷಣಾರ್ಥಿ ತನಗೆ ಬಾರದ ಮಾತಿನ ಊರಿನಲ್ಲಿ ಉಳಿದು ಅಲ್ಲಿನವರಿಂದ ಆ ಮಾತಿನ ನೂರು ಪದ, ಒಂದು ಕೈಕೆಲಸ, ಒಂದು ಕಥೆ ಕಲಿಯಬೇಕು. ಕಲಿತನೋ ಇಲ್ಲವೋ ಎಂದು ಅಂಕ ಹಾಕುವವರು ಊರಿನವರು. ಎರಡನೆಯದು, ಊರಿನ ಹಿರಿಯರಿಗೆ ಅತಿಥಿ ಉಪನ್ಯಾಸಕರ ಸಂಭಾವನೆ, ಪದವಿ ಕೇಳದೆ. ಮೂರನೆಯದು ನಿನ್ನ ಪೋಸ್ಟಿಂಗ್ ವಿಷಯ, ಅದು ಕಾಲೇಜಿನ ಕೈಯಲ್ಲಿಲ್ಲ.

ಮಾಸ್ತರ: ಅಂಕ ಊರಿನವರು ಹಾಕಿದರೆ ವಿಶ್ವವಿದ್ಯಾಲಯ ಒಪ್ಪುತ್ತದೆಯೆ?

ಅತ್ತೆ: ಸುಲಭಕ್ಕೆ ಒಪ್ಪುವುದಿಲ್ಲ. ಅಷ್ಟಕ್ಕೂ ನಾಳೆ ನೀನೇ ತೇಜ್‌ಗಢಕ್ಕೆ ಹೋಗಿ ರಾಠ್ವಿಯ ಹತ್ತು ಪದ ಕಲಿತು ಬಾ, ನಿನಗೆ ಎಷ್ಟು ಅಂಕ ಕೊಡುತ್ತಾರೆ ನೋಡೋಣ. ಪ್ರತಾಪನಗರ ಸ್ಟೇಷನ್ನಿಂದ ಛೋಟಾ ಉದೇಪುರದ ರೈಲು. ಮಳೆ ಬಂದರೆ ಅಲ್ಕಾಪುರಿಯ ಗರನಾಳದಲ್ಲಿ, ಅಂದರೆ ರೈಲು ಹಳಿಯ ಕೆಳದಾರಿಯಲ್ಲಿ, ನೀರು ನಿಲ್ಲುತ್ತದೆ, ರಿಕ್ಷಾದವರು ಸುತ್ತು ಹಾಕಿ ಹೋಗುತ್ತಾರೆ. ಬೇಗ ಹೊರಡು.